ಗೌಡ್ರ ಖಾಲಿ ಕಾಡತೂಸು

ಅಲ್ಲ, ಹಿತ್ತಾಳಿ ಅಂದ್ರ ಬರೇ ತಂಬಿಗಿ, ತಾಟು, ದೀಪದ ಕಂಬ ಅಷ್ಟ ಅಂತ ತಿಳದೀರೇನ ನೀವು? ನಾ ತಿಕ್ಕಿದ ಹಿತ್ತಾಳಿನ ಬ್ಯಾರೆ. ಕಾಡತೂಸು! ಹೂಂ, ಬಂದೂಕಿನ ಕಾಡತೂಸು. ನಗಬ್ಯಾಡೋ ಸಿದ್ದ್ಯಾ, ಖರೇನ ಹೇಳಾಕತ್ತೇನಿ. ನೋಡಿಲ್ಲೆ, ಈ ಎರಡೂ ಕೈಲೆ ತಿಕ್ಕೇನಿ, ಅದೂ ಪುಕ್ಕಟ. ನೆನಸಿಕೊಂಡ್ರ ಇವತ್ತಿಗೂ ಮೈ ಉರೀತೈತಿ ನನಗ. ನೀವು ಇಂಡಿ ಬಸ್ಸಿನ್ಯಾಗ ಬರುಮುಂದ ಹಳ್ಳದ ದಂಡಿಗೆ ನಮ್ಮ ಹೊಲಾ ಕಾಣ್ತೈತಲಾ, ಈಗ ಲಿಂಬಿ ಗಿಡಾ ಅದಾವಲಾ, ಅದ. ಆವಾಗ ಲಿಂಬಿ ಎಲ್ಲೀದು, ಶೇಂಗಾ ಹಾಕ್ತಿದ್ವಿ. ಹಳ್ಳದ ತುಂಬ ಜಾಲಿ ಕಂಟಿ, ಆ ಕಂಟ್ಯಾಗ ಕಾಡಹಂದಿ. ಒಂದಲ್ಲ ಎರಡಲ್ಲ, ಮರಿ-ಮಕ್ಕಳು ಕಟ್ಕೊಂಡು ಹಿಂಡ ಬರ್ತಿದ್ವು. ಶೇಂಗಾ ಕಾಯಿ ಬಲಿಯೂದಕ್ಕ ಕಾಯ್ಕೊಂಡ ಇರ್ತಿದ್ವು ನೋಡ್ರಿ, ಮುಸುಡಿಲೆ ಭೂಮಿ ಉತ್ತು ಬಳ್ಳಿ ಮ್ಯಾಲ ಕೆಳಗ ಮಾಡಿ ಹೋಗ್ತಿದ್ವು. ಊರಾಗ ಬಂದೂಕು ಇದ್ದದ್ದು ಗೌಡ್ರ ಮನ್ಯಾಗ ಒಂದ. ಸರಕಾರದಾಂವ ಅವರಿಗೆ ಲೈಸೆನ್ಸ್ ಯಾತಕ್ಕ ಕೊಟ್ಟಿದ್ದ ಗೊತ್ತೇನು? ಬೆಳಿ ಕಾಯಾಕ. ಗೋಡಿಗೆ ತೂಗಹಾಕಿ ಮೀಸಿ ತಿರುವಾಕಲ್ಲ.

ಆ ಕಾಡತೂಸು ಹೆಂಗ ಅಂದ್ರ, ಹಿತ್ತಾಳೀದು, ನಿಮ್ಮ ಹೆಬ್ಬಟ್ಟು ತೂರೂವಷ್ಟು ಬಾಯಿ. ಬಾರು ಹಾರಿಸಿದ ಮ್ಯಾಲ ಒಳಗಿನ ಮದ್ದು ಹೋಗಿ ಖಾಲಿದು ಉಳೀತಿತ್ತು. ಆವಾಗ ಹೊಸಾವು ಸಿಗೂದ ಕಠಿಣ, ಬಿಜಾಪುರದ ಅಂಗಡ್ಯಾಗ ಕೇಳಿದ್ರ ಮುಂದಿನ ತಿಂಗಳ ಬರ್ರಿ ಅಂತಿದ್ರಂತ. ಅದಕ್ಕ ಖಾಲಿ ಆದವನ್ನ ತೊಳದು ತಿಕ್ಕಿ ಸಿಂದಗಿಗೆ ಕಳಸೂದು, ಅಲ್ಲಿ ಒಬ್ಬಾಂವ ಮತ್ತ ಮದ್ದು, ಸೀಸದ ಕಾಳು ತುಂಬಿ ಕೊಡ್ತಿದ್ದ. ಮಸಿ ಹಿಡದಾವ, ಕಿಲುಬು ಹಿಡದಾವ ಇದ್ರ ಮುಟ್ಟತಿದ್ದಿಲ್ಲ ಅಂವ, ಮನಿಗೆ ಒಯ್ದು ಅಂಬಲಿ ಕುಡೀರಿ ಇದರಾಗ ಅಂತ ವಾಪಸ್ ಕೊಡ್ತಿದ್ದ. ಇನ್ನ ತಿಕ್ಕವರ ಯಾರು? ನಾನು! ಪಂಚಮಿಗೆ ಗೌಡ್ರ ಮನಿ ಹಿತ್ತಾಳಿ ಭಾಂಡಿ ತಿಕ್ಕಾಕ ಹೋಗಿದ್ನಿ, ಗೌಡಶಾನಿ ನೋಡಿ, ಮಾಳವ್ವನ ಕೈ ಬಿದ್ರ ಬಂಗಾರ ಆಗ್ತಾವ ನೋಡ ಅಂದ್ಲು. ಸುಡ್ಲಿ ಆ ಹೊಗಳಿಕಿ. ಮರುದಿನ ಗೌಡ್ರ ಮನಿ ಆಳು ಭೀಮ್ಯಾ ಒಂದು ಅರಿವಿ ಗಂಟು ತಂದು ನಮ್ಮ ಕಟ್ಟಿ ಮ್ಯಾಲ ಸುರುವಿದ, ಗಳಗಳ ಉರುಳಿದ್ವು.

ತಿಕ್ಕೂದು ಏನ ಹಗರ ಕೆಲಸ ಅಲ್ಲ ಮತ್ತ. ಹುಣಚಿಹಣ್ಣು ನಮ್ಮನೀದು, ಒಲಿ ಬೂದಿ ನಮ್ಮದು. ಹುಣಚಿ ನೀರಾಗ ನೆನಿಯಾಕ ಇಡಬೇಕು, ಹೊರಗ ತೆಂಗಿನ ನಾರಿಲೆ ತಿಕ್ಕಬೇಕು, ಒಳಗ ಕೈ ಹೋಗಾಂಗಿಲ್ಲಲಾ, ತೊಗರಿ ಕಟಗಿಗೆ ಅರಿವಿ ಸುತ್ತಿ ತಿರುವಿ ತಿರುವಿ ಮಸಿ ತಗೀಬೇಕು. ಆಮ್ಯಾಗ ಬಿಸಲಾಗ ಬಾಯಿ ಕೆಳಗ ಮಾಡಿ ಒಣಗಸೂದು, ಒಳಗ ಒಂದು ಹನಿ ನೀರು ನಿಂತ್ರ ಮದ್ದು ತಂಪ ಹಿಡಿದು ಬಾರು ಹಾರಾಂಗಿಲ್ಲ ಅಂತಿದ್ರು. ಮದ್ದಿನ ನಾತ ಹೆಂತಾದ್ದು ಅಂತೀರಿ! ಕೊಳತ ತತ್ತಿ ಒಡದಂಗ. ಎಷ್ಟ ತೊಳದ್ರೂ ಉಗುರಾಗ ಮಸಿ, ರೊಟ್ಟಿ ಮುರದ್ರ ರೊಟ್ಟಿಗೂ ಅದ ನಾತ. ನಮ್ಮತ್ತಿ ಬ್ಯಾರೆ, ಏ ಮಾಳಿ, ನೀ ಹಿಟ್ಟು ನಾದಬ್ಯಾಡ, ನಾ ನಾದ್ತೇನಿ ಸರಿ, ಅಂತಿದ್ಲು. ಆದ್ರೂ ತಿಕ್ಕೂ ಕೆಲಸಾ ಮಾಡಿದ್ನಿ. ಯಾಕ ಮಾಡಿದ್ನಿ ಅಂದ್ರ, ಗೌಡ್ರು ಬಾಯಿ ತುಂಬ ಒಂದು ಮಾತು ಅಂದಿದ್ರು. ತಮ್ಮ ಕಟ್ಟಿ ಮ್ಯಾಲ ಕುಂತು, ಎಲಿ ಅಡಿಕಿ ಹಾಕ್ಕೋತ, "ಮಾಳವ್ವ, ನಿಮ್ಮ ಹೊಲಕ್ಕ ಹಂದಿ ಬಂದ್ರ ಒಂದ ಮಾತು ಹೇಳಿ ಕಳಸು. ಒಂದ ಬಾರು ಹಾರಿಸಿದ್ರ ಬಾಲಾ ಮುದುಡ್ಕೊಂಡು ಡೋಣಿ ಹೊಳಿ ದಾಟ್ತಾವ!" ನಾ ನಂಬಿದ್ನಿ. ದೊಡ್ಡವರ ಮಾತಲ್ಲೇನು?

ಹಿಂಗ ಮೂರು ವರ್ಷ. ಮೂರನೇ ವರ್ಷ, ದೊಡ್ಡ ಬರಾ ಹೋಗಿ ಒಂದ ವರ್ಷ ಆಗಿತ್ತು, ಅಲ್ಲಲ್ಲ, ಎರಡು, ನಿಮ್ಮಪ್ಪ ಅಂಬೆಗಾಲ ಇಡ್ತಿದ್ದ, ಹಂಗಾರ ಎರಡ. ಆ ಬರದಾಗ ಸೊಸೈಟಿ ಮುಂದ ಪಾಳಿ ಹಚ್ಚಿ ಕೆಂಪ ಜೋಳ ತಂದು ತಿಂದ ಮಂದಿ ನಾವು. ಆ ಹಿಟ್ಟು ರೊಟ್ಟಿ ಬಡ್ಯಾಕ ಹೋದ್ರ ನಾಕು ತುಂಡ ಆಗ್ತಿತ್ತು, ಗಂಟಲಾಗ ಇಳೀತಿದ್ದಿಲ್ಲ. ಇರ್ಲಿ, ಅದು ಬ್ಯಾರೆ ಕತಿ. ಆ ವರ್ಷ ಮಳಿ ಛಲೋ ಆಗಿ ಶೇಂಗಾ ಹೆಂಗ ಬಂದಿತ್ತು ಅಂದ್ರ ಬಳ್ಳಿ ಕಿತ್ತಿದ್ರ ಕೈ ತುಂಬ ಕಾಯಿ. ವರ್ಷದ ಎಣ್ಣಿ ಅದರಾಗ, ಎಮ್ಮಿಗೆ ಹಿಂಡಿ ಅದರಾಗ, ಮುಂದಿನ ಬಿತ್ತಗಿ ಬೀಜ ಅದರಾಗ. ಅದು ಹೋದ್ರ ಎಲ್ಲಾ ಹೋದಂಗ. ಅಷ್ಟರಾಗ ನಿಮ್ಮ ಮುತ್ಯಾ ಚಕ್ಕಡಿ ಮ್ಯಾಲಿಂದ ಬಿದ್ದು ಕಾಲು ಮುರ್ಕೊಂಡು ಕುಂತ. ಬಿದರಿನ ದಬ್ಬಿ ಕಟ್ಟಿ ಹಾಸಿಗ್ಯಾಗ ಒಗದಿದ್ವಿ. ದಿನಾ ರಾತ್ರಿ ಹೊಲದ ಅಟ್ಟದ ಮ್ಯಾಲ ಕುಂತು ಕಾಯಾಂವ ಅಂವನ, ಇನ್ನ ಹೊಲಾ ಕಾಯವರ ಯಾರು? ನಾ ಮನಿ ನೋಡ್ಲ್ಯೋ, ಕೂಸಿನ ನೋಡ್ಲ್ಯೋ, ಹಾಸಿಗಿ ಹಿಡದಾಂವನ್ನ ನೋಡ್ಲ್ಯೋ, ಹೋಗಿ ಅಟ್ಟದ ಮ್ಯಾಲ ಕುಂದರಲ್ಯೋ?

ನವರಾತ್ರಿ ನಡದಿತ್ತು. ನಮ್ಮ ಬದುವಿಗೆ ಹತ್ತಿದ ಹೊಲದಾಗ ಹಂದಿ ಬಿದ್ದಾವ ಅಂತ ಸುದ್ದಿ ಬಂತು. ಅಲ್ಲಿ ಬಂದ್ವು ಅಂದ್ರ ಇವತ್ತಿಲ್ಲ ನಾಳೆ ನಮ್ಮಲ್ಲಿಗೆ. ಕೂಸಿನ್ನ ಬಗಲಾಗ ಎತ್ಕೊಂಡು ಓಡಿ ಗೌಡ್ರ ಮನಿಗೆ ಹೋದ್ನಿ. ಅಲ್ಲಿ ನೋಡಿದ್ರ ಹಬ್ಬಕ್ಕ ಬೀಗರು ಬಂದಾರ, ಗೌಡಶಾನಿ ಅಣ್ಣ, ಬಾಗೇವಾಡಿ ಕಡ್ಯಾಂವ, ಪ್ಯಾಂಟು, ಕರೇ ಚಸ್ಮಾ. ನಾ ಕಟ್ಟಿ ಕೆಳಗ ನಿಂತು, "ಯಪ್ಪಾ ಗೌಡ್ರ, ಹಂದಿ ಬಂದಾವ್ರಿ. ಮನ್ಯಾಂವ ಹಾಸಿಗಿ ಹಿಡದಾನ. ಇವತ್ತ ಸಂಜೀಕ ಒಂದ ಬಾರು ಹಾರಿಸಿ ಬರ್ರಿ, ನಿಮಗ ಪುಣ್ಯಾ ಬರ್ತೈತಿ" ಅಂದ್ನಿ. ಗೌಡ್ರು ಮುಖಾ ಹೆಂಗ ಮಾಡಿದ್ರು ಗೊತ್ತೇನು? ಹಿಂಗ, ಪಾಪ ಅನ್ನಾವ್ರಂಗ. "ಅಯ್ಯ, ಏನ ಮಾಡ್ಲಿ ಮಾಳವ್ವ, ಕಾಡತೂಸ ಇಲ್ಲವಾ. ತುಂಬಿದ್ದು ಒಂದೂ ಉಳದಿಲ್ಲ. ದೇವರ ಮ್ಯಾಲ ಭಾರ ಹಾಕು" ಅಂದ್ರು. ಇಲ್ಲ ಅಂದ ಮ್ಯಾಲ ಏನ ಮಾಡೂದು? ಸುಮ್ಮನ ತಿರುಗಿ ಬಂದ್ನಿ.

ಮರುದಿನ ಮುಂಜಾನೆ ಹೊಲಕ್ಕ ಹೋಗಿ ನೋಡ್ತೇನಿ, ಅಯ್ಯೋ ನನ್ನ ಶಿವನ! ಹಳ್ಳದ ಕಡೆ ಅರ್ಧಾ ಹೊಲಾ ನೇಗಿಲಾ ಹೊಡದಂಗ ಆಗೇತಿ. ಬಳ್ಳಿ ಎಲ್ಲಾ ಬೇರು ಮ್ಯಾಲ, ಕಾಯಿ ಜಗದು ಉಗುಳ್ಯಾವ. ಅಲ್ಲೇ ಕುಂತು ಬಾಯಿ ಬಾಯಿ ಬಡ್ಕೊಂಡ್ನಿ. ಅತ್ರ ಏನ ಬಂತು, ಆಮ್ಯಾಗ ಎದ್ದು ಮಣ್ಣಾಗ ಉಳದ ಕಾಯಿ ಆರಸ್ಕೋತ ಹೊಂಟ್ನಿ. ಬಿಸಲ ಏರಿತ್ತು, ಊರ ಕಡಿಂದ ಢಂ ಅಂತು. ಮತ್ತ ಢಂ, ಮತ್ತ ಢಂ, ಒಂದರ ಹಿಂದ ಒಂದು. ನಾ ಖುಷಿಲೆ ಎದ್ದು ನಿಂತ್ನಿ. ಗೌಡ್ರಿಗೆ ಎಲ್ಲೋ ಕಾಡತೂಸ ಸಿಕ್ಕಾವು, ಹಂದಿ ಬೆನ್ನ ಹತ್ಯಾರ, ದೊಡ್ಡ ಮನಸ್ಸು, ಅಂತ ಕೈ ಮುಗದ್ನಿ ಅತ್ತಾಗ. ಕೈ ಮುಗದ್ನಿ ಅಂದ್ರ ನೋಡ್ರಿ! ಎಂಥಾ ಹುಚ್ಚಿ ನಾನು.

ಹೊತ್ತು ಇಳದ ಮ್ಯಾಲ ಮನಿಗೆ ಬಂದು ಕಾಲು ತೊಳೀಬೇಕು, ಭೀಮ್ಯಾ ಬಂದ. ಕೈಯಾಗ ಅದ ಅರಿವಿ ಗಂಟು. "ಅಕ್ಕಾ, ನಾಳೆ ಖಂಡೇ ಪೂಜಿ, ಬಂದೂಕಿನ ಮುಂದ ಸಾಲಾಗಿ ಇಡಬೇಕಂತ. ಮುಂಜಾನೆ ಒಳಗ ಪಳಪಳ ಹೊಳೀಬೇಕು ಅಂದಾರ ಗೌಡ್ರು." ಗಂಟು ಬಿಚ್ಚಿ ನೋಡಿದ್ನಿ. ಎರಡು ಬೊಗಸಿ ತುಂಬ ಖಾಲಿ ಕಾಡತೂಸು. ಗಂ ಅಂತ ಮದ್ದಿನ ನಾತ, ಇವತ್ತ ಹಾರಿಸಿದ್ದು. "ಏ ಭೀಮ್ಯಾ, ಎಷ್ಟ ಹಂದಿ ಬಿದ್ವೋ?" ಅಂದ್ನಿ. ಅಂವ ಹಲ್ಲ ಕಿಸದ, "ಹಂದಿ ಎಲ್ಲೀವಕ್ಕಾ! ಬೀಗರು ಬೇವಿನ ಗಿಡಕ್ಕ ಗಡಿಗಿ ಕಟ್ಟಿ ಗುರಿ ಹಿಡದು ಹೊಡದ್ರು. ಗೌಡ್ರೂ ಹೊಡದ್ರು. ಭಾಳ ಮಜಾ ಆತು." ಗಡಿಗಿ! ನನ್ನ ಮಕ್ಕಳ ಅನ್ನ ಹಂದಿ ತಿನ್ನಾಕತ್ತಿದ್ರ ಇವರು ಗಡಿಗಿ ಹೊಡದು ಮಜಾ ಮಾಡ್ಯಾರ! ತುಂಬಿದ್ದು ಒಂದೂ ಇಲ್ಲಂತ! ಅವರ ಬಾಯಾಗ ಮಣ್ಣ ಹಾಕ! ನನಗ ಕಣ್ಣಾಗ ನೀರ ಬರ್ಲಿಲ್ಲ ನೋಡ್ರಿ, ಬೆಂಕಿ ಬಂತು ಬೆಂಕಿ. ಹುಣಚಿಹಣ್ಣು ಮುಟ್ಟಲಿಲ್ಲ. ಗಂಟು ಹಂಗ ಕಟ್ಟಿ ಮೂಲ್ಯಾಗ ಇಟ್ನಿ. ನಮ್ಮತ್ತಿ, "ತಿಕ್ಕಿ ಕೊಟ್ಟ ಬಿಡ ನಮ್ಮವ್ವ, ಬಡವರ ಸಿಟ್ಟು ದವಡಿಗೆ ಮೂಲ. ಊರಾಗ ಬಾಳೇ ಮಾಡಬೇಕು" ಅಂತ ಕೈ ಹಿಡಕೊಂಡ್ಲು. ನಿಮ್ಮ ಮುತ್ಯಾ ಹಾಸಿಗ್ಯಾಗಿಂದ, "ಅಕಿನ್ನ ತಡೀಬ್ಯಾಡವಾ, ನನಗ ಕಾಲಿದ್ರ ನಾನ ಹೋಗ್ತಿದ್ದೆ" ಅಂದ. ಅದೊಂದು ಮಾತು ಛಲೋ ಅಂದ ನೋಡ್ರಿ ಜನ್ಮದಾಗ.

ನವಮಿ ಮುಂಜಾನೆ ಹೋದ್ನಿ. ಖಂಡೇ ಪೂಜಿ ಅಂದ್ರ ಗೊತ್ತಲಾ, ಕೊಡ್ಲಿ, ಕುಡಗೋಲ, ಕೂರಿಗಿ ಎಲ್ಲಾ ತೊಳದು ಪೂಜಿ ಮಾಡೂದು. ಗೌಡ್ರ ಪಡಸಾಲ್ಯಾಗ ಮಣಿ ಮ್ಯಾಲ ಬಂದೂಕಿಗೆ ವಿಭೂತಿ ಹಚ್ಚಿ, ಚಂಡಹೂವಿನ ಮಾಲಿ ಹಾಕ್ಯಾರ. ಊರ ಮಂದಿ ಕೂಡೇತಿ, ಬೀಗರು ಮುಂದ ಕುಂತಾರ. ನಾ ಹೋಗಿ ಗಂಟು ಬಿಚ್ಚಿ ಬಂದೂಕಿನ ಮುಂದ ಸುರುವಿಬಿಟ್ನಿ. ಕರ್ರಗ, ಮಸಿ ಮಸಿ. ನಾತ ಬ್ಯಾರೆ. ಗೌಡ್ರು, "ಏ, ಏನಿದು? ತಿಕ್ಕಿಲ್ಲೇನ?" ಅಂದ್ರು. ನಾ ಅಂದ್ನಿ, "ಮೊನ್ನೆ ತುಂಬಿದ್ದು ಒಂದೂ ಇಲ್ಲ ಅಂದ್ರಿ, ಗೌಡ್ರ. ಇವು ಎಲ್ಲಿಂದ ಬಂದ್ವು? ಆಕಾಶದಿಂದ ಉದರಿದ್ವೇನ್ರಿ? ನನ್ನ ಶೇಂಗಾಕ್ಕ ಇಲ್ಲದ ಬಾರು ಗಡಿಗಿಗೆ ಹೆಂಗ ಬಂತ್ರಿ?" ಬೀಗ ಚಸ್ಮಾ ತಗದು ಒರಸ್ಕೊಳ್ಳಾಕತ್ತ. ಗೌಡ್ರು ದನಿ ಸಣ್ಣ ಮಾಡಿ, "ಹಬ್ಬದ ಹೊತ್ತಿನ್ಯಾಗ ಯಾಕ ಮಾಳವ್ವ, ತೊಳದು ತಾ ಹೋಗು, ನಾಕ ಸೇರು ಶೇಂಗಾ ಕೊಡಸ್ತೇನಿ" ಅಂದ್ರು. ನಾಕ ಸೇರು! "ನಿಮ್ಮ ಶೇಂಗಾ ನೀವ ತಿನ್ರಿ. ಇನ್ನ ಮ್ಯಾಲ ನಮ್ಮ ಹೊಲದಾಗ ಹಾರಿಸಿದ ಕಾಡತೂಸ ಇದ್ರ ಅಷ್ಟ ನಾ ತಿಕ್ಕಾಕಿ" ಅಂದು ಬಂದುಬಿಟ್ನಿ.

ಭೀಮ್ಯಾ ಅದ ಗಂಟು ಹೊತ್ಕೊಂಡು ಓಣಿ ಓಣಿ ತಿರಗಿದ. ನಮಗೂ ಶೇಂಗಾ ಐತೋ ಯಪ್ಪಾ, ನಮ್ಮ ಹೊಲಕ್ಕೂ ಬಂದಿಲ್ಲ ನಿಮ್ಮ ಬಂದೂಕು, ಅಂದ್ರು ಹೆಣ್ಮಕ್ಕಳು. ಒಬ್ಬಾಕಿನೂ ಮುಟ್ಟಲಿಲ್ಲ. ಪೂಜಿ ಕರೇ ಕಾಡತೂಸಿನ ಮುಂದ ಆತು. ಮತ್ತ ಆ ಹೆಣ್ಮಕ್ಕಳ ಪಾಳಿ ಹಚ್ಚಿ ನಮ್ಮ ಹೊಲಕ್ಕ ಬಂದು ಎಣ್ಣಿ ಡಬ್ಬಿ ಬಡದು ಉಳದ ಅರ್ಧಾ ಉಳಿಸಿ ಕೊಟ್ರು. ಬಿತ್ತಗಿ ಬೀಜಕ್ಕ ಆತು, ಎಣ್ಣಿ ಕಡಿಮಿ ಬಿತ್ತು, ಹೆಂಗೋ ನಡೀತು.

ಮುಂದಿನ ವರ್ಷ ಶೇಂಗಾ ಬಲಿತಿತ್ತು. ಒಂದು ಸಂಜೀಕ ನಾ ಬದುವಿನ ಮ್ಯಾಲ ಹುಲ್ಲ ಕೊಯ್ಯಾಕತ್ತಿದ್ನಿ, ನೋಡ್ತೇನಿ, ಗೌಡ್ರು! ಒಬ್ಬರ, ಹೆಗಲ ಮ್ಯಾಲ ಬಂದೂಕು. ನನ್ನ ಕೂಡ ಮಾತಿಲ್ಲ ಕತಿ ಇಲ್ಲ. ಹಳ್ಳದ ದಂಡಿಗೆ ಹೋಗಿ ಕಂಟಿ ಕಡೆ ಎರಡು ಬಾರು ಹಾರಿಸಿದ್ರು. ಹಂದಿ ಕಂಟಿ ಸೀಳ್ಕೊಂಡು ಓಡಿದ್ವು. ವಾಪಸ್ ಬಂದು, ಎರಡು ಖಾಲಿ ಕಾಡತೂಸ ನನ್ನ ಅಂಗೈಯಾಗ ಇಟ್ರು, ಇನ್ನ ಬೆಚ್ಚಗಿದ್ವು. ಮುಖಾ ಬ್ಯಾರೆ ಕಡೆ ಮಾಡಿ, "ಇವು ನಿಮ್ಮ ಹೊಲದಾವು" ಅಂದು ಹೋಗಿಬಿಟ್ರು. ಆ ಎರಡು ತಿಕ್ಕಿದ್ನಿ. ಹೆಂಗ ತಿಕ್ಕಿದ್ನಿ ಅಂದ್ರ ಮುಖಾ ಕಾಣಬೇಕು ಅದರಾಗ. ಗಡಿಗಿಗೆ ಹಾರಿಸಿದಾವು ಮಾತ್ರ ಮತ್ತ ಎಂದೂ ನನ್ನ ಬಾಗಲಾ ಹತ್ತಲಿಲ್ಲ.

ಅದಕ್ಕ ಹೇಳ್ತೇನಿ, ಯಾರಿಗರೆ ಕೆಲಸ ಮಾಡಿ ಕೊಡ್ರಿ, ಬ್ಯಾಡ ಅನ್ನಾಂಗಿಲ್ಲ, ಕೈ ಸವದು ಹೋಗಾಂಗಿಲ್ಲ. ಆದ್ರ ನಿಮ್ಮ ಹೊಲದಾಗ ಹಾರದ ಕಾಡತೂಸ ಮಾತ್ರ ನೀವು ತಿಕ್ಕಬ್ಯಾಡ್ರಿ. ಹಾರಿಸಿದವರ ತಿಕ್ಕೊಳ್ಳಿ.