ಕೈ ನಡುಗಲಿಲ್ಲ

ಆಸ್ಪತ್ರೆಯ ಬೆಂಚಿನಲ್ಲಿ ಸರದಿಗಾಗಿ ಕಾಯುತ್ತಿದ್ದ ದರ್ಜಿ ಹೆಂಗಸಿಗೆ, ಪಕ್ಕದಲ್ಲಿ ಕೂತಿದ್ದ ಮುದುಕ ಕ್ಷೌರಿಕ ಮತ್ತು ಅವನ ಮಗಳ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

"ಕೈ ನಡುಗೋದು ಯಾವಾಗಿಂದ ಅಂತ ಡಾಕ್ಟರು ಕೇಳ್ತಾರೆ. ಏನು ಹೇಳ್ಲಿ?"

"ನಡುಗಲ್ಲ, ಮಗಳೇ."

"ಮತ್ತೆ ಮೇಷ್ಟ್ರ ಕಿವಿ ಕುಯ್ದಿದ್ದು?"

ಮುದುಕ ದನಿ ತಗ್ಗಿಸಿದ. "ಟೀವೀಲಿ ಯಾರೋ ನಕ್ಕರು. ಕಣ್ಣು ಅತ್ತ ಹೋಯ್ತು, ಕತ್ತಿ ಇತ್ತ ಹೋಯ್ತು."

"ಅಯ್ಯೋ, ಕೈ ನಡುಗ್ತು ಅಂತ ಯಾಕಪ್ಪ ಹೇಳ್ದೆ? ಏನು ಕಾಯಿಲೆಯೋ ಅಂತ ನಂಗೆ ನಿದ್ದೇನೇ ಇಲ್ಲ."

"ಕೈ ನಡುಗಿದ್ರೆ ಜನ ಪಾಪ ಅಂತಾರೆ. ಗಿರಾಕಿ ಮುಖದ ಮೇಲೆ ಕತ್ತಿ ಇಟ್ಕೊಂಡು ಟೀವಿ ನೋಡ್ದ ಅಂದ್ರೆ ಉಗೀತಾರೆ. ಮೊದಲೆಲ್ಲ ಅಂಗಡೀಲಿ ಸಂತೆ ನೆರೆದ್ರೂ ನಂಗೆ ಗಡ್ಡ ಒಂದೇ ಕಾಣ್ತಿತ್ತು. ಈಗ ಬಾಗಿಲು ಕಿರ್ ಅಂದ್ರೂ ಮನಸ್ಸು ಎದ್ದು ಹೋಗುತ್ತೆ."

"ವಯಸ್ಸಾದ ಮೇಲೆ ಹಾಗೇ ಅಂತೆ. ಬೇಡದ ಸದ್ದನ್ನ ಆಚೆ ಇಡೋಕೆ ಮೆದುಳಿಗೆ ಆಗಲ್ವಂತೆ."

"ಮೇಷ್ಟ್ರು ರಕ್ತ ಒರೆಸ್ಕೊಳ್ತಾ ನಂಗೇ ಸಮಾಧಾನ ಹೇಳಿದ್ರು. 'ಕೈ ಸೋತಿದೆ ಕಣೋ, ಬೇಜಾರು ಮಾಡ್ಕೋಬೇಡ' ಅಂದ್ರು. ಹೂಂ ಅಂದ್ಬಿಟ್ಟೆ."

ಅಷ್ಟರಲ್ಲಿ ನರ್ಸ್ ಅವರನ್ನು ಕೂಗಿದಳು.

"ಡಾಕ್ಟರಿಗೆ ನಾನು ಹೇಳ್ಲಾ?"

"ಬೇಡ, ನಾನೇ ಹೇಳ್ತೀನಿ. ಆಮೇಲೆ ಮೇಷ್ಟ್ರ ಮನೆಗೆ ಹೋಗೋಣ. ಅವರಿಗೂ ಹೇಳ್ಬೇಕು."

ಅವನು ಬಾಗಿಲ ತನಕ ಹೋಗಿದ್ದ. ಆಗ ದರ್ಜಿ ಹೆಂಗಸಿನ ಚೀಲದಲ್ಲಿ ಫೋನು ಬಡಿದುಕೊಂಡಿತು. ಅವನು ನಿಂತು, ತಿರುಗಿ, ಚೀಲವನ್ನೇ ನೋಡಿದ. ಮಗಳು ತನ್ನನ್ನು ನೋಡುತ್ತಿರುವುದು ತಿಳಿದದ್ದೇ ತಲೆ ತಗ್ಗಿಸಿ ಒಳಗೆ ಹೋದ. ಫೋನು ಆರಿಸಲು ತಡಕಾಡುತ್ತಿದ್ದ ದರ್ಜಿ ಹೆಂಗಸಿಗೂ ತಲೆ ಎತ್ತಲಾಗಲಿಲ್ಲ.