ಇರುವೆ ಮುಚ್ಚಿದ ರಿಪೋರ್ಟ್

ಬೇಡ ಅಣ್ಣ. ಬೇಡ ಅಂದ್ರೆ ಬೇಡ. ನಾಳೆ ಎನ್‌ಕ್ವೈರಿಯಲ್ಲಿ ಆ ಇರುವೆ ಹೆಸರು ಎತ್ಲೇಬೇಡ... ಯಾಕೆ ನಗ್ತೀಯ? ನಾನೇನು ಜೋಕ್ ಹೇಳಿದ್ನಾ? ಬಂದಾಗಿಂದ ಗಂಟಲು ಹರ್ಕೋತಾ ಇದೀನಿ, ನೀನು ಕಂಪ್ಯೂಟರ್ ಮೇಲಿಂದ ಕೈ ತೆಗೀತಿಲ್ಲ. ಮೊದಲು ಅದರ ಬಾಯಿ ಮುಚ್ಚಿಸು. ಆ ಸ್ಪೀಡಲ್ಲಿ ಅದು ಓದೋದು ನಿನಗೆ ಅರ್ಥ ಆಗುತ್ತೆ, ನನಗೆ ಸೊಳ್ಳೆ ಗುಂಯ್‌ಗುಟ್ಟಿದ ಹಾಗಿರುತ್ತೆ... ಹಾಂ. ಈಗ ಕೇಳು.

ಅತ್ತಿಗೆ ಫೋನ್ ಮಾಡಿ ಎಲ್ಲಾ ಹೇಳಿದ್ರು. ಅಳ್ತಾ ಇದ್ರು ಪಾಪ. ಇಷ್ಟು ವರ್ಷ ಆಸ್ಪತ್ರೆಯ ಔಷಧಿ ಸ್ಟೋರಲ್ಲಿ ಕೂತಿದೀಯ. ಕಣ್ಣು ಕಾಣ್ದೋನಿಗೆ ಈ ಕುರ್ಚಿ ಯಾಕೆ ಅಂತ ಹಿಂದಿನಿಂದ ಆಡ್ಕೊಂಡೋರಿಗೆಲ್ಲ ಕೆಲಸ ಮಾಡಿ ತೋರಿಸಿದೀಯ. ಈಗ ನೋಡು, ವಾರ್ಡಿಂದ ಬಂದ ಪಟ್ಟಿಯಲ್ಲಿ ಎರಡು ಪಾಯಿಂಟ್ ಐದು ಅಂತ ಇದ್ದಿದ್ದನ್ನ ಇಪ್ಪತ್ತೈದು ಅಂತ ಎಂಟ್ರಿ ಮಾಡ್ಬಿಟ್ಟೆ. ಅದೂ ಮಗುವಿನ ಔಷಧಿ. ಏನೋ, ನರ್ಸಮ್ಮ ಬಾಟ್ಲಿ ಕೈಗೆ ತಗೊಂಡು ಅನುಮಾನ ಪಟ್ರು, ಮಗು ಉಳೀತು... ಗೊತ್ತು ಅಣ್ಣ. ಆವತ್ತಿಂದ ನೀನು ಸರಿಯಾಗಿ ಊಟ ಮಾಡಿಲ್ಲ, ಮಲಗಿಲ್ಲ. ಅತ್ತಿಗೆ ಹೇಳ್ಬೇಕಾಗಿರ್ಲಿಲ್ಲ, ಮುಖ ನೋಡಿದ್ರೇ ಗೊತ್ತಾಗುತ್ತೆ.

ಅದಕ್ಕೇ ಹೇಳ್ತಿರೋದು. ನಾಳೆ ಹೋಗಿ, ‘ಮೈ ಹುಷಾರಿರ್ಲಿಲ್ಲ ಸಾರ್, ಸರಿಯಾಗಿ ಕೇಳಿಸ್ಕೊಳ್ಲಿಲ್ಲ’ ಅಂದ್ಬಿಡು. ತಗ್ಗಿ ಬಗ್ಗಿ ಮಾತಾಡು. ಒಂದು ವಾರ್ನಿಂಗ್ ಕೊಡ್ತಾರೆ, ಬಿಡ್ತಾರೆ... ಬಿಡಲ್ವಾ? ಕುರ್ಚಿ ಖಾಲಿ ಮಾಡಿಸ್ತಾರಾ? ನೀನು ಹಾಗೆ ಮೊಂಡು ಹಿಡಿದು ಕೂತ್ರೆ ಮಾಡಿಸ್ದೆ ಏನ್ಮಾಡ್ತಾರೆ? ‘ನನ್ನ ಕಿವಿ ಸರಿ ಇದೆ, ಕಂಪ್ಯೂಟರ್ ತಪ್ಪು ಓದ್ತು’ ಅಂದ್ರೆ ಯಾರು ನಂಬ್ತಾರೆ? ಹಾಗೆ ತಲೆ ಆಡಿಸ್ಬೇಡ. ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ.

ಸರಿ, ನಿನ್ನ ವಾದ ಏನು, ನಾನೇ ಹೇಳ್ತೀನಿ, ತಪ್ಪಿದ್ರೆ ತಿದ್ದು. ಪರದೆ ಮೇಲಿರೋದನ್ನ ನಿನಗೆ ಓದಿ ಹೇಳೋ ಈ ಪ್ರೋಗ್ರಾಂ ಇದೆಯಲ್ಲ, ಅದು ಪಟ್ಟಿ ಒಳಗಿನ ಅಂಕಿಗಳಲ್ಲಿ ಪಾಯಿಂಟನ್ನ ನುಂಗುತ್ತೆ. ಎಲ್ಲಾ ಸಲ ಅಲ್ಲ, ಒಂದೊಂದ್ಸಲ. ನೀನು ಹೋದ ತಿಂಗಳೇ ಅದನ್ನ ಕಂಡುಹಿಡಿದು, ಇಂಥ ದೋಷ ಇದೆ ಅಂತ ಪ್ರೋಗ್ರಾಂನೋರಿಗೆ ಬಗ್ ರಿಪೋರ್ಟ್ ಬರೆದೆ. ಅಲ್ಲಿ ಇರುವೆ ಅಂತ ಅಡ್ಡಹೆಸರು ಇಟ್ಕೊಂಡಿರೋರು ಯಾರೋ ಅದನ್ನ ನೋಡಿ, ‘ಪರೀಕ್ಷಿಸಲಾಗಿದೆ, ದೋಷ ಕಂಡುಬಂದಿಲ್ಲ, ದಯವಿಟ್ಟು ಗಮನವಿಟ್ಟು ಕೇಳಿ’ ಅಂತ ಬರೆದು ಮುಚ್ಚಿಬಿಟ್ರು. ದೋಷ ಇಲ್ಲ ಅಂದ್ರಲ್ಲ ಅಂತ ನೀನೂ ನಂಬಿದೆ, ಆಮೇಲೆ ಹೀಗಾಯ್ತು. ಈಗ ಎನ್‌ಕ್ವೈರಿಯವರು ಅದೇ ರಿಪೋರ್ಟನ್ನ ಪ್ರಿಂಟ್ ತೆಗೆದಿಟ್ಕೊಂಡಿದಾರೆ. ನೋಡಿ, ಪ್ರೋಗ್ರಾಂನೋರೇ ದೋಷ ಇಲ್ಲ ಅಂದಿದಾರೆ, ತಪ್ಪು ಇವನದೇ ಅಂತ. ಅದಕ್ಕೆ ನೀನು ಪ್ರೋಗ್ರಾಂ ನಡೆಸೋ ಹಿರಿಯರಿಗೆ ಮೇಲ್ ಹಾಕಿದೀಯ, ಇರುವೆ ಯಾರು, ನಿಜವಾದ ಹೆಸರು ಕೊಡಿ ಅಂತ. ಸರಿನಾ?

ಅವರು ಕೊಡಲ್ಲ ಅಣ್ಣ. ಕೊಡಬಾರದು ಕೂಡ... ಯಾಕಂದ್ರೆ ಅಲ್ಲಿ ಯಾರೂ ಸಂಬಳಕ್ಕೆ ಕೆಲಸ ಮಾಡ್ತಿಲ್ಲ! ಬಿಟ್ಟಿ ಚಾಕರಿ. ಆ ಪ್ರೋಗ್ರಾಂ ಯಾರೊಬ್ಬರ ಸ್ವತ್ತೂ ಅಲ್ಲ, ಯಾರು ಬೇಕಾದ್ರೂ ಒಳಗೆ ನೋಡ್ಬಹುದು, ರಿಪೇರಿ ಮಾಡ್ಬಹುದು. ಅದಕ್ಕೇ ತಾನೆ ನಿನಗೂ ಪುಕ್ಕಟೆ ಸಿಕ್ಕಿರೋದು. ನಾನೂ ಅಲ್ಲಿದ್ದೋಳೇ, ಮರ್ತುಹೋಯ್ತಾ? ನಿನಗೆ ಕಣ್ಣು ಮಂಜಾಗ್ತಾ ಬಂದಾಗ ನಿನಗೋಸ್ಕರ ಸೇರ್ಕೊಂಡೆ. ಆಮೇಲೆ ನಮ್ಮ ಯಜಮಾನ್ರು ಮನೇಲಿ ಮುಖ ಗಂಟು ಹಾಕ್ಕೊಂಡ್ರು, ಯಾವಾಗ ನೋಡಿದ್ರೂ ಕಂಪ್ಯೂಟರ್ ಮುಂದೆ ಇರ್ತೀಯ ಅಂತ. ಬಿಟ್ಬಿಟ್ಟೆ. ಹೇಳಿದ್ನಲ್ಲ ಆಗ.

ಇರುವೆ ಗೊತ್ತು ನನಗೆ. ಅಂದ್ರೆ... ನಾನಿದ್ದಾಗ ಜೊತೆಗಿದ್ರು. ಕೆಟ್ಟವರಲ್ಲ. ಬರೋ ರಿಪೋರ್ಟ್‌ಗಳನ್ನ ಜಾಲಿಸಿ ತೆಗೆಯೋದು ಅವರ ಕೆಲಸ. ಕೋಡ್ ಬರೆಯೋರ ಹತ್ರ ಏನು ಹೋಗ್ಬೇಕು, ಏನು ಹೋಗ್ಬಾರ್ದು, ಯಾವುದು ಅರ್ಜೆಂಟು, ಯಾವುದನ್ನ ಮೊದಲೇ ಯಾರೋ ಹೇಳಿಯಾಗಿದೆ... ನಿನಗೇನು ಗೊತ್ತು ಅದು ಹೇಗಿರುತ್ತೆ ಅಂತ! ಒಬ್ಬ ಬರೀತಾನೆ, ‘ಕೆಲಸ ಮಾಡ್ತಿಲ್ಲ’. ಅಷ್ಟೇ. ಏನು ಕೆಲಸ ಮಾಡ್ತಿಲ್ಲ ಮಾರಾಯಾ, ಎಲ್ಲಿ ಮಾಡ್ತಿಲ್ಲ? ಕೇಳಿದ್ರೆ ಉತ್ತರ ಇಲ್ಲ. ಇನ್ನೊಬ್ಬ ಸ್ಪೀಕರ್ ವಯರೇ ಹಾಕಿರಲ್ಲ, ಪ್ರೋಗ್ರಾಂ ಮೂಗಾಯ್ತು ಅಂತ ನಮ್ಮ ಜನ್ಮ ಜಾಲಾಡ್ತಾನೆ. ನಗು, ನಗು. ಇದಕ್ಕೆ ನಗ್ಬಹುದು. ಇಂಥದ್ರ ಮಧ್ಯೆ ನಿಜವಾದ ಒಂದು ದೋಷ ಬಂದ್ರೆ ಕೈ ತಪ್ಪಿ ಹೋಗೋದು ದೊಡ್ಡ ವಿಷಯನಾ?

ಸರಿ, ದೊಡ್ಡ ವಿಷಯನೇ. ಒಪ್ಕೊಂಡೆ. ಕೋಪ ಮಾಡ್ಕೋಬೇಡ.

ಆದ್ರೆ ಇರುವೆ ನೋಡ್ದೇನೇ ಮುಚ್ಚಿದ್ರು ಅಂತ ಮಾತ್ರ ಹೇಳ್ಬೇಡ. ಅದು ಅನ್ಯಾಯ. ನೀನು ಕಳಿಸಿದ ಪಟ್ಟಿಯನ್ನೇ ಹಾಕಿ, ಒಂದಲ್ಲ, ಹತ್ತು ಸಲ ಓದಿಸಿರ್ತಾರೆ. ಪ್ರತಿ ಸಲವೂ ಪಾಯಿಂಟನ್ನ ಗಂಟೆ ಬಾರಿಸಿದ ಹಾಗೆ ಓದಿರುತ್ತೆ... ಏನು? ಯಾವ ಸ್ಪೀಡಲ್ಲಿ ಅಂದ್ರೆ? ಕಣ್ಣಿರೋರು ಯಾವ ಸ್ಪೀಡಲ್ಲಿ ಕೇಳ್ತಾರೋ ಆ ಸ್ಪೀಡಲ್ಲಿ. ನಿಧಾನಕ್ಕೆ. ನಿನ್ನ ಸ್ಪೀಡಲ್ಲಿ ಇಟ್ರೆ ಮನುಷ್ಯರಿಗೆ ಒಂದಕ್ಷರ ತಿಳಿಯುತ್ತಾ? ನೀನೇನೋ ರೆಕಾರ್ಡ್ ಮಾಡಿ ಕಳಿಸಿದ್ದೆ, ಸರಿ. ಅದರಲ್ಲಿ ಕೇಳಿಸೋದಾದ್ರೂ ಏನು? ಗಿರ್ರ್ ಅಂತ ಮಿಕ್ಸಿ ತಿರುಗಿದ ಹಾಗೆ. ಮಧ್ಯೆ ಅತ್ತಿಗೆ ಬೇರೆ ಬಚ್ಚಲಿಂದ ಟವೆಲ್ ಕೊಡ್ರೀ ಅಂತ ಕೂಗೋದು, ನೀನು ಕೆಮ್ಮೋದು. ಅದನ್ನ ಕೇಳಿ ನಾನು ಬಿದ್ದು ಬಿದ್ದು...

ಏನಿಲ್ಲ. ಯಾಕೆ ಕೈ ಹಾಗೆ ನಿಂತುಹೋಯ್ತು? ಟೈಪ್ ಮಾಡು, ಮಾಡು.

ಅತ್ತಿಗೆ ಹೇಳಿದ್ರಪ್ಪ. ಫೋನಲ್ಲಿ. ಟವೆಲ್ ವಿಷಯ... ಅವರಿಗೆ ಗೊತ್ತೇ ಇಲ್ವಾ? ಅವರ ದನಿ ಬಂದಿದೆ ಅಂತ ನೀನು ಹೇಳೇ ಇಲ್ವಾ? ಪಟ್ಟಿಯಲ್ಲಿ ಪೇಷೆಂಟ್ ಹೆಸರಿತ್ತು, ಅದಕ್ಕೆ ಎಲ್ಲರೂ ನೋಡೋ ಪುಟದಲ್ಲಿ ಹಾಕದೆ ಇರುವೆಗೆ ಮಾತ್ರ... ಹೌದು. ಇರುವೆಗೆ ಮಾತ್ರ ಕಳಿಸಿದ್ದೆ ನೀನು.

ಅಣ್ಣ.

ಬಿಟ್ಟಿರ್ಲಿಲ್ಲ. ಆ ಕೆಲಸ ನಾನು ಬಿಟ್ಟೇ ಇರ್ಲಿಲ್ಲ. ನಮ್ಮೋರ ಬಾಯಿಗೆ ಹೆದರಿ ನಿನ್ನ ಹತ್ರನೂ ಬಿಟ್ಟೆ ಅಂದೆ. ಅವರು ಆಫೀಸಿಗೆ ಹೋದ್ಮೇಲೆ ಅಡುಗೆಮನೆ ಕಟ್ಟೆ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡು ಮಾಡ್ತೀನಿ. ಹಳೇ ಹೆಸರು ತೆಗೆದು ಇರುವೆ ಅಂತ ಇಟ್ಕೊಂಡೆ... ಬೈಯಿ. ಬಾಯಿಗೆ ಬಂದ ಹಾಗೆ ಬೈದ್ಬಿಡು.

ನಿನ್ನೆ ಅತ್ತಿಗೆ ಫೋನ್ ಇಟ್ಟ ತಕ್ಷಣ ಹೋಗಿ ನೀನು ಹೋದ ತಿಂಗಳು ಕಳಿಸಿದ ಪಟ್ಟಿನೇ ಹಾಕ್ದೆ. ಸ್ಪೀಡ್ ನಿನ್ನಷ್ಟೇ ಇಟ್ಟೆ. ಅದನ್ನ ರೆಕಾರ್ಡ್ ಮಾಡಿ ನಿಧಾನ ಮಾಡಿ ಕೇಳ್ದೆ. ಪಾಯಿಂಟ್ ಇಲ್ಲ ಅಣ್ಣ. ವೇಗ ಹೆಚ್ಚಾದ್ರೆ ಅದು ಪದಗಳ ಮಧ್ಯದ ಸಂದನ್ನ ಕತ್ತರಿಸುತ್ತೆ, ಸಂದಿನ ಜೊತೆ ಪಾಯಿಂಟೂ ಹೋಗುತ್ತೆ. ಎರಡೂ ಅಂಕಿ ಕೂಡ್ಕೊಳ್ಳುತ್ತೆ, ಹೀಗೇ ಎರಡು ಪಾಯಿಂಟ್ ಐದು ಇಪ್ಪತ್ತೈದಾಗಿದ್ದು. ನೀನು ಕೇಳಿದ್ದೇ ಸರಿ. ಅದು ಗೊತ್ತಿದ್ದೂ ಇಲ್ಲಿ ಬಂದು ಕೂತು, ತಪ್ಪು ನಿಂದೇ ಅಂತ ಒಪ್ಕೋ ಅಂತಿದ್ದೆ. ನನ್ನ ಹೆಸರು ಹೊರಗೆ ಬರದಿದ್ರೆ ಸಾಕು ಅಂತ. ನಿನ್ನ ಹೊಟ್ಟೆ ಮೇಲೆ ಹೊಡೆದು ನನ್ನ ಮಾನ ಉಳಿಸ್ಕೊಳ್ಳೋಕೆ ಬಂದಿದ್ದೆ. ನಾಚ್ಕೆ ಆಗ್ತಿದೆ ಅಣ್ಣ, ನಿಜವಾಗ್ಲೂ.

ಮತ್ತೆ ತೆರೀತೀನಿ ಅದನ್ನ. ಇಲ್ಲೇ, ಈಗ್ಲೇ. ಕೆಂಪು ಗುರುತು ಹಾಕ್ತೀನಿ, ಎಲ್ಲಾ ಬಿಟ್ಟು ಮೊದಲು ಇದನ್ನ ರಿಪೇರಿ ಮಾಡಿ ಅಂತ. ಕೆಳಗೆ ನನ್ನ ಸ್ವಂತ ಹೆಸರು ಬರೀತೀನಿ. ನಾಳೆ ನಿನ್ನ ಜೊತೆ ಬರ್ತೀನಿ, ಇರುವೆ ನಾನೇ, ತಪ್ಪಾಗಿ ಮುಚ್ಚಿದ್ದು ನಾನು, ಬೇಕಾದ್ರೆ ನಿಮ್ಮ ಮುಂದೇನೇ ಓದಿಸಿ ತೋರಿಸ್ತೀನಿ ಅಂತ ಹೇಳ್ತೀನಿ. ನಮ್ಮೋರು ಏನಾದ್ರೂ ಅಂದ್ಕೊಳ್ಳಲಿ. ನಿನ್ನ ಕುರ್ಚಿ ಉಳಿಯುತ್ತೆ... ಉಳಿಯುತ್ತೆ ಅಲ್ವಾ?

ಸಾಲದಾ? ಇನ್ನೇನು ಹೇಳ್ಲಿ? ಈ ಕಡೆ ಯಾಕೆ ಮುಖ ತಿರುಗಿಸ್ದೆ? ನೀನು ಹೀಗೆ ನೇರ ನನ್ನ ಕಡೆ ತಿರುಗಿದ್ರೆ, ಕಾಣಲ್ಲ ಅಂತ ಗೊತ್ತಿದ್ರೂ ನನಗೆ ಹೆದರಿಕೆ ಆಗುತ್ತೆ.

ಅತ್ತಿಗೆ ದನಿ. ಅದನ್ನೇ ಯೋಚ್ನೆ ಮಾಡ್ತಿದೀಯ. ರೆಕಾರ್ಡಲ್ಲಿ ಅತ್ತಿಗೆ ದನಿ ಇತ್ತು, ನಿನ್ನ ಕೆಮ್ಮು ಇತ್ತು.

ಹೌದು, ಗೊತ್ತಾಯ್ತು. ಕೇಳಿದ ತಕ್ಷಣ ಗೊತ್ತಾಯ್ತು ನೀನೇ ಅಂತ. ಅಡುಗೆಮನೇಲಿ ಒಬ್ಬಳೇ ನಕ್ಕೆ. ನಮ್ಮಣ್ಣಂದು ಯಾವಾಗ್ಲೂ ಅವಸರ, ನಾವು ತಟ್ಟೆ ಇಡೋ ಹೊತ್ತಿಗೆ ಅವನು ಕೈ ತೊಳೆದಿರ್ತಾನೆ, ಇದೂ ಹಂಗೇ, ಓಡೋ ಅವಸರದಲ್ಲಿ ಪಾಯಿಂಟ್ ಬಿಟ್ಕೊಂಡಿದಾನೆ ಅಂದ್ಕೊಂಡೆ. ರಿಪೋರ್ಟ್ ಬರೆದೋರು ಸ್ಪೀಡ್ ಹೇಗೆ ಇಟ್ಕೊಂಡಿರ್ತಾರೋ ಹಾಗೇ ಇಟ್ಟು ಪರೀಕ್ಷೆ ಮಾಡ್ಬೇಕು ಅಂತ ನಮ್ಮಲ್ಲಿ ಒಂದು ಕ್ರಮ ಇದೆ. ಊರು ಕೇರಿ ಗೊತ್ತಿಲ್ದೋರಿಗೆಲ್ಲ ತಪ್ಪದೆ ಮಾಡಿದೀನಿ, ಸ್ಪೀಕರ್ ವಯರ್ ಹಾಕದೋನಿಗೂ ಮಾಡಿದೀನಿ.

ನಿನ್ನ ಜಾಗದಲ್ಲಿ ಬೇರೆ ಯಾರಾದ್ರೂ ಬರೆದಿದ್ರೆ ನಂಬಿ ನೋಡ್ತಿದ್ದೆ ಅಣ್ಣ. ನೀನು ಅಂತ ಗೊತ್ತಾಯ್ತು, ಅದಕ್ಕೇ ನಂಬ್ಲಿಲ್ಲ.