ಸೋಮವಾರದ ಉಪವಾಸ

ನಾಸಿಕದ ಆಸ್ಪತ್ರೆಯೊಂದರಲ್ಲಿ ಬ್ರೌನ್ ಶುಗರ್ ಎಂಬ ಮಾದಕದ ಚಟ ಬಿಡಿಸುವ ಗುಳಿಗೆಗೆ ಸಾಲು ನಿಂತಿತ್ತು. ನನ್ನ ಮುಂದೆ ಶ್ರೀಮಂತ ಎಂಬ ಹೆಸರಿನ ಗಾರೆ ಕೆಲಸದವನು, ಜೊತೆಗೆ ಅವನ ಅಕ್ಕ ದಾನಮ್ಮ. ಕನ್ನಡ ಕೇಳಿ ಕಿವಿಗೊಟ್ಟೆ.

“ನಿನ್ನೆ ಗುಳಿಗಿ ಯಾಕ ತಗೊಳ್ಲಿಲ್ಲೋ?”

“ಸೋಮವಾರ ಉಪಾಸ ಹಿಡಿ, ಬಾಯಾಗ ಏನೂ ಹಾಕಬ್ಯಾಡ ಅಂದಾಕಿ ನೀನ ಅಲ್ಲೇನು ಅಕ್ಕಾ?”

“ಅನ್ನ ಅಂದಿದ್ದೆ, ಗುಳಿಗಿ ಅಲ್ಲೋ ಶಾಣ್ಯಾ!”

“ಸಂಜೀಕ ಮೈಯೆಲ್ಲಾ ಮುರದಂಗಾತು. ಮಾಲು ಮಾರಾಂವನ ಬಾಗಿಲಾ ಬಡದೆ. ಅಂವ ಇರಲಿಲ್ಲ.”

“ಇದ್ದಿದ್ರ?”

ಅಷ್ಟರಲ್ಲಿ ಸರದಿ ಬಂತು. ಸಿಸ್ಟರ್ ಅವನ ನಾಲಿಗೆಯ ಕೆಳಗೆ ಗುಳಿಗೆಯಿಟ್ಟರು. ಅದು ಕರಗುವ ತನಕ ಮಾತಾಡುವಂತಿಲ್ಲ. ಶ್ರೀಮಂತ ನೆಲ ನೋಡುತ್ತ ನಿಂತ.

ದಾನಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

“ಮುಂದಿನ ಸೋಮವಾರ ನಿನ್ನ ಉಪಾಸಾನೂ ನಾನ ಮಾಡ್ತೀನಿ. ನೀ ಉಂಡು ಇಲ್ಲಿಗೆ ಬಾ.”

ಅವನು ಬಾಯಿ ಮುಚ್ಚಿಕೊಂಡೇ ತಲೆಯಾಡಿಸಿದ. ಇಬ್ಬರೂ ಬಸ್ಸಿನತ್ತ ನಡೆದರು.